ಮೋಟರ್ ಸ್ವಿಚ್ಚು ಮನೇಲಿರೋರ ಕೈಲಿರ್ಲಿ

ಹೋದ ಸಲ ಹೆರಳೆಕಾಯಿ ಉಪ್ಪಿನಕಾಯಿ ಬರೆದಾಗ ಎಷ್ಟೊಂದು ಜನ ಫೋನ್ ಮಾಡಿ ಮಾತಾಡಿಸಿದ್ರಿ, ಖುಷಿ ಆಯ್ತು. ಈ ಸಲ ಉಪ್ಪಿನಕಾಯಿ ಇಲ್ಲ, ಬರೀ ಖಾರ. ಜಗಳ ಆಡಕ್ಕೇ ಅಂತ ಕೂತಿದ್ದೀನಿ. ಯಾರ ಜೊತೆ ಅಂದ್ರೆ, ನಮ್ಮನಮ್ಮ ಮನೆ ನೀರಿನ ಮೋಟರನ್ನ ತಗೊಂಡೋಗಿ ಬೆಂಗಳೂರಲ್ಲೋ ಅಮೆರಿಕಾದಲ್ಲೋ ಕೂತಿರೋ ಮಕ್ಕಳ ಫೋನೊಳಗೆ ಇಡ್ತಿದ್ದಾರಲ್ಲ, ಅವರ ಜೊತೆ. ಅದಕ್ಕೆ "ಹೂಂ, ಹೂಂ" ಅಂತ ತಲೆ ಆಡಿಸ್ತಾ ನಿಂತಿರೋ ನಮ್ಮಂಥವರ ಜೊತೆನೂ.

ಮೊದಲೇ ಒಂದು ಮಾತು. ನಾನು ಸೆನ್ಸರಿಗೆ ವಿರೋಧಿ ಅಲ್ಲ. ನಮ್ಮನೆ ಟ್ಯಾಂಕ್ ತುಂಬಿ ರಸ್ತೆವರೆಗೂ ನೀರು ಹರಿದದ್ದು ನಿಜ, ತಪ್ಪು ನಂದೇ. ಮೋಟರ್ ಹಾಕಿ ಅಕ್ಕನ ಜೊತೆ ಫೋನಲ್ಲಿ ಕೂತೆ, ಮರೆತೆ. ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಟ್ಯಾಂಕು 1,000 ಲೀಟರಿಂದು, ಮೋಟರ್ 1 ಎಚ್‌ಪಿ. ಖಾಲಿ ಟ್ಯಾಂಕ್ ತುಂಬಕ್ಕೆ 25 ನಿಮಿಷ ಬೇಕು, ಗಡಿಯಾರ ಇಟ್ಕೊಂಡು ನೋಡಿದ್ದೀನಿ. ಅಂದ್ರೆ ನಿಮಿಷಕ್ಕೆ 40 ಲೀಟರ್. ಕಾಲು ಗಂಟೆ ಮೈಮರೆತರೆ 600 ಲೀಟರ್ ಹೋಯ್ತು. 15 ಲೀಟರ್ ಹಿಡಿಯೋ ಬಿಂದಿಗೇಲಿ ಅಳೆದ್ರೆ ನಲವತ್ತು ಬಿಂದಿಗೆ! ಕಾವೇರಿಯಿಂದಲೂ ಕಬಿನಿಯಿಂದಲೂ ಎತ್ತಿ, ಶುದ್ಧ ಮಾಡಿ, ಪೈಪಲ್ಲಿ ನಮ್ಮ ಬಾಗಿಲಿಗೆ ಕಳಿಸಿದ ನೀರು. ಬೀದಿ ನಲ್ಲಿ ಮುಂದೆ ಕೊಡ ಸಾಲಿಟ್ಟು ನಿಂತು ಬೆಳೆದೋಳು ನಾನು, ನನಗೆ ಹೊಟ್ಟೆ ಉರಿಯಲ್ವಾ? ಹಾಗಾಗಿ ತುಂಬಿದ ತಕ್ಷಣ ತಾನೇ ನಿಲ್ಲೋ ಏರ್ಪಾಡು ಬೇಕು ಅನ್ನೋದರಲ್ಲಿ ನಂದು ಎರಡು ಮಾತಿಲ್ಲ. ಮಂಡಿ ನೋವಿರೋರು, ಕಿವಿ ಮಂದ ಇರೋರು, ಒಬ್ಬೊಬ್ಬರೇ ಇರೋರು, ಇವರಿಗೆಲ್ಲ ಅದು ದೊಡ್ಡ ಉಪಕಾರ.

ನನ್ನ ತಕರಾರು ಬೇರೆ. ನಿಲ್ಲಿಸೋ ಅಧಿಕಾರ ಯಾರ ಹತ್ರ ಇರಬೇಕು ಅನ್ನೋದು.

ನಮ್ಮನೇಲಿ ಆದದ್ದು ಹೇಳ್ತೀನಿ. ಯುಗಾದಿಗೆ ಮಗ ಬೆಂಗಳೂರಿಂದ ಬಂದ. ನೀರು ಹರಿದ ಕಥೆ ಅವರಪ್ಪ ಹೇಳಿದ್ರು, ನಗ್ತಾನೇ ಹೇಳಿದ್ರು. "ಅಮ್ಮಂಗೆ ಮರೆವು ಶುರುವಾಗಿದೆ" ಅಂತ ಒಂದು ಮಾತು ಬಿತ್ತು. ಮಾರನೇ ದಿನವೇ ಎಲೆಕ್ಟ್ರಿಷಿಯನ್ ಬಂದ. ಟ್ಯಾಂಕಿನ ಮುಚ್ಚಳದ ಒಳಗೆ ಒಂದು ಸೆನ್ಸರ್ ಕೂರಿಸಿದ್ರು. ಅದು ಮೇಲಿಂದ ನಮಗೆ ಕೇಳಿಸದ ಸದ್ದು ಬಿಡುತ್ತಂತೆ, ನೀರಿಗೆ ಬಡಿದು ವಾಪಸ್ ಬರೋ ಹೊತ್ತು ನೋಡಿ ಎಷ್ಟು ನೀರಿದೆ ಅಂತ ಅಳೆಯುತ್ತಂತೆ. ಕೆಳಗೆ ಮೋಟರಿನ ಹತ್ರ ವೈಫೈ ಸ್ವಿಚ್ಚು. ಟ್ಯಾಂಕ್ ಮೂವತ್ತು ಪರ್ಸೆಂಟಿಗೆ ಇಳಿದ್ರೆ ತಾನೇ ಆನ್, ತುಂಬಿದ್ರೆ ತಾನೇ ಆಫ್. ಅಡುಗೆಮನೆ ಬಾಗಿಲ ಪಕ್ಕ ಇಪ್ಪತ್ತೆರಡು ವರ್ಷದಿಂದ ನಾನು ಒತ್ತುತಿದ್ದ ಸ್ವಿಚ್ಚನ್ನ "ಇನ್ನು ಬೇಡ ಆಂಟಿ" ಅಂತ ಕಿತ್ತು, ತೂತಿಗೊಂದು ಬಿಳಿ ಪ್ಲೇಟ್ ಹೊಡೆದ್ರು. ಆ್ಯಪು ಮಗನ ಫೋನಿಗೆ ಹಾಕಿದ್ರು, ಸೊಸೆ ಫೋನಿಗೂ ಹಾಕಿದ್ರು. "ನಂಗೆ?" ಅಂದೆ. "ನಿಂಗೆ ಯಾಕಮ್ಮ ತಲೆನೋವು, ನಾನು ನೋಡ್ಕೋತೀನಿ" ಅಂದ. ಪ್ರೀತಿಯಿಂದಲೇ ಅಂದ. ನಾನೂ ಸುಮ್ಮನಾದೆ. ಅಲ್ಲೇ ತಪ್ಪಿದ್ದು ನಾನು.

ಒಂದು ವಾರ ಆಗಿರ್ಬೇಕು, ಮಧ್ಯಾಹ್ನ ಫೋನು. "ಅಮ್ಮ, ಇವತ್ತು ಎರಡು ಸಲ ಮೋಟರ್ ಓಡಿದೆ, ಯಾಕೆ?" ಚಾಪೆ, ಜಮಖಾನ ಒಗೆದಿದ್ದೆ, ಹೇಳಿದೆ. ಇನ್ನೊಂದು ದಿನ, "ರಾತ್ರಿ ಹತ್ತೂವರೆಗೆ ನೀರು ಇಳಿದಿದೆ, ನಲ್ಲಿ ಸೋರ್ತಿದೆಯಾ?" ಸೋರ್ತಿರ್ಲಿಲ್ಲ, ಅವರಪ್ಪ ಸ್ನಾನ ಮಾಡಿದ್ರು. ಅವನು ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಆದ್ರೂ ಯೋಚನೆ ಮಾಡಿ ನೋಡಿ. ಅತ್ತೆ ಕಾಲದಲ್ಲಿ ಸಕ್ಕರೆ ಡಬ್ಬಕ್ಕೆ ಲೆಕ್ಕ ಕೊಟ್ಟಾಯ್ತು, ಗಂಡನ ಸಂಬಳದಲ್ಲಿ ಸೊಪ್ಪಿನ ಕಾಸಿಗೂ ಲೆಕ್ಕ ಕೊಟ್ಟಾಯ್ತು. ಈಗ ಐವತ್ತಾರರಲ್ಲಿ ನಾನು ಹೆತ್ತ ಮಗನಿಗೆ ಎಷ್ಟು ಬಕೆಟ್ ನೀರು ಸುರಿದೆ ಅಂತ ಲೆಕ್ಕ ಒಪ್ಪಿಸಬೇಕಾ? ಅವನು ಕೇಳದೇ ಇದ್ರೂ ಆ ಪೆಟ್ಟಿಗೆ ಒಪ್ಪಿಸ್ತಾನೇ ಇರುತ್ತೆ.

ಇದನ್ನೂ ನುಂಗಿಕೊಂಡಿದ್ದೆ. ಆಷಾಢದಲ್ಲಿ ಸಂಪು ತೊಳೆಸಿದ ದಿನ ಮಾತ್ರ ನುಂಗಕ್ಕೆ ಆಗಲಿಲ್ಲ.

ಪ್ರತಿ ವರ್ಷ ಬರೋ ಹುಡುಗರೇ ಬಂದಿದ್ರು, ಇಬ್ಬರು. ಮುಚ್ಚಳ ತೆಗೆದು ಗಾಳಿ ಆಡಕ್ಕೆ ಬಿಟ್ರು, ನೀರೆಲ್ಲ ಎತ್ತಿ ಹಾಕಿದ್ರು, ಚಿಕ್ಕೋನು ಒಳಗೆ ಇಳಿದ. ನನ್ನ ಕೊನೇ ತಮ್ಮನ ಮಗನ ವಯಸ್ಸು, ಇಪ್ಪತ್ತೂ ತುಂಬಿಲ್ಲ. ಮೊಣಕಾಲಿನ ಕೆಳಗೆ ಬರೋಷ್ಟು ಕೆಸರು ನೀರಲ್ಲಿ ನಿಂತು ಗೋಡೆ ಉಜ್ಜುತಿದ್ದಾನೆ. ನಮ್ಮದು ಸಂಪಿನೊಳಗೇ ಮುಳುಗಿರೋ ಮೋಟರು, ಅವನ ಪಕ್ಕದಲ್ಲೇ ಇದೆ. ನಾನು ಒಳಗೆ ಪಾತ್ರೆ ಬೆಳಗ್ತಾ ಇದ್ದೆ, ವಾಷಿಂಗ್ ಮೆಷಿನ್ನೂ ತಿರುಗ್ತಿತ್ತು. ಮೇಲಿನ ಟ್ಯಾಂಕಿನ ನೀರು ಇಳೀತಾ ಇಳೀತಾ ಆ ಮೂವತ್ತು ಪರ್ಸೆಂಟ್ ಮುಟ್ಟಿತು ನೋಡಿ. ಕೆಳಗೆ ಮನುಷ್ಯ ಇದ್ದಾನೆ ಅಂತ ಸೆನ್ಸರಿಗೆ ಏನು ಗೊತ್ತು? ಅದು ಮೋಟರ್ ಆನ್ ಮಾಡ್ತು.

ಹುಡುಗ ಕೂಗಿದ ಕೂಗು ಇನ್ನೂ ಕಿವೀಲಿದೆ. ನಾನು ಅಡುಗೆಮನೆ ಬಾಗಿಲಿಗೆ ಓಡಿದೆ, ಕೈ ತಾನಾಗಿ ಆ ಜಾಗಕ್ಕೆ ಹೋಯ್ತು. ಬಿಳಿ ಪ್ಲೇಟು! ಎದೆ ಧಸಕ್ ಅಂತು. ಸೀದಾ ಜಗುಲಿಗೆ ಓಡಿ ಮೀಟರ್ ಬೋರ್ಡಿನ ಮೈನನ್ನೇ ಇಳಿಸಿದೆ. ಇಡೀ ಮನೆ ಆಫ್ ಆಯ್ತು, ಮೋಟರೂ ನಿಂತಿತು. ಹುಡುಗ ಮೇಲೆ ಬಂದ. ಏನೂ ಆಗಿರ್ಲಿಲ್ಲ, ತಾಯಿ ಚಾಮುಂಡಿ ಕಾಪಾಡಿದ್ಲು, ಅರ್ಥಿಂಗ್ ಸರಿಯಾಗಿತ್ತು. ಆದ್ರೆ ಆ ವೈರಲ್ಲಿ ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ ಸಿಪ್ಪೆ ಎದ್ದಿದ್ದಿದ್ರೆ? ಅವನ ತಾಯಿ ಮುಂದೆ ನಾನು ಹೇಗೆ ಮುಖ ತೋರಿಸಬೇಕಿತ್ತು? "ಮೋಟರ್ ನನ್ನ ಮಗನ ಫೋನಲ್ಲಿತ್ತು ಕಣಮ್ಮ" ಅನ್ನಬೇಕಿತ್ತಾ?

ಸಂಜೆ ಮಗನಿಗೆ ಹೇಳಿದೆ. ಅವನಿಗೂ ಗಾಬರಿ ಆಯ್ತು. ಆಮೇಲೆ ಏನಂದ ಗೊತ್ತಾ? "ಮೊದಲೇ ಹೇಳಿದ್ರೆ ಆ್ಯಪಲ್ಲಿ ಆಫ್ ಮಾಡ್ತಿದ್ನಲ್ಲಮ್ಮ." ಅಲ್ಲಪ್ಪಾ, ನನ್ನ ಮನೆ ಸಂಪು ತೊಳೆಸಕ್ಕೆ ನಿನ್ನ ಮೀಟಿಂಗ್ ಮುಗಿಯೋದನ್ನ ಕಾಯಬೇಕಾ ನಾನು?

ಇದು ನಮ್ಮನೆ ಒಂದರ ಕಥೆ ಅಂತ ತಿಳೀಬೇಡಿ. ನಮ್ಮ ನಾದಿನಿ ಮಗಳು ರಿಂಗ್ ರೋಡಿನ ಆಚೆ ದೊಡ್ಡ ಮನೆ ಕಟ್ಟಿಸಿದ್ದಾಳೆ, ಸ್ವಿಮ್ಮಿಂಗ್ ಪೂಲೂ ಇದೆ. ನಮ್ಮಲ್ಲಿ ಈಜಬೇಕು ಅಂದ್ರೆ ಸರಸ್ವತಿಪುರಂ ಯೂನಿವರ್ಸಿಟಿ ಕೊಳಕ್ಕೆ ಹೋಗ್ತಿದ್ವು, ಈಗ ಮನೆ ಹಿತ್ತಲಲ್ಲೇ ಕೊಳ. ಇರಲಿ, ಅವರ ಸಂಪಾದನೆ, ಅವರ ಸಂತೋಷ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ನೀರು. ಗುಣಿಸಿದ್ರೆ 800 ಘನ ಅಡಿ, ಅಂದ್ರೆ 22,000 ಲೀಟರಿಗೂ ಮೇಲೆ. ನಮ್ಮ ಟ್ಯಾಂಕನ್ನ ಇಪ್ಪತ್ತೆರಡು ಸಲ ತುಂಬಿಸಿದ ಹಾಗೆ. ನಿಂತ ನೀರು ಕೆಡುತ್ತೆ ಅಂತ ದಿನಾ ಪಂಪು ಓಡಿಸಿ ಅದೇ ನೀರನ್ನ ಫಿಲ್ಟರಲ್ಲಿ ಸುತ್ತಿಸ್ತಿರ್ಬೇಕು. 1 ಎಚ್‌ಪಿ ಪಂಪು ಗಂಟೆಗೆ ಹತ್ತಿರ ಹತ್ತಿರ 1 ಯೂನಿಟ್ ತಿನ್ನುತ್ತೆ. ದಿನಕ್ಕೆ 8 ಗಂಟೆ ಅಂದ್ರೆ ತಿಂಗಳಿಗೆ 240 ಯೂನಿಟ್. ಗೃಹಜ್ಯೋತೀಲಿ ಇಡೀ ಸಂಸಾರಕ್ಕೆ ಕೊಡೋ ಮಿತಿಯೇ 200 ಯೂನಿಟ್. ಇಷ್ಟೆಲ್ಲ ಖರ್ಚಿರೋವಾಗ ಪಂಪಿಗೆ ಟೈಮರ್ರು, ಸೆನ್ಸರ್ರು ಹಾಕ್ಸೋದು ಬುದ್ಧಿವಂತಿಕೆಯೇ, ನಾನು ಬೇಡ ಅನ್ನಲ್ಲ. ಬೆಂಗಳೂರಲ್ಲಿ 2024ರ ಬರದಲ್ಲಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಹಾಗಿರೋವಾಗ ತುಂಬಿಸಿದ ನೀರನ್ನ ಕೆಡದ ಹಾಗೆ ಕಾಪಾಡ್ಕೊಳ್ಳೋದು ಧರ್ಮವೇ.

ಆದ್ರೆ ಅಲ್ಲಿ ಏನಾಯ್ತು? ಇವರು ಹದಿನೈದು ದಿನ ಪ್ರವಾಸ ಹೋದ್ರು. ದಿನಾ ಫೋನಲ್ಲಿ ನೋಡ್ತಾರೆ, "ಪಂಪ್ ಆನ್, ಎಂಟು ಗಂಟೆ ಓಡಿದೆ" ಅಂತ ಹಸಿರು ಟಿಕ್ ಮಾರ್ಕು. ಇತ್ತ ಎಲೆ ಹಿಡಿಯೋ ಬುಟ್ಟೀಲಿ ಹೊಂಗೆ ಎಲೆ, ಹೂವು ತುಂಬಿ ಕಟ್ಕೊಂಡುಬಿಟ್ಟಿದೆ. ಮೋಟರ್ ತಿರುಗ್ತಿದೆ, ನೀರು ಹರೀತಿಲ್ಲ. ಆ ಸ್ವಿಚ್ಚಿಗೆ ಗೊತ್ತಿರೋದು ಕರೆಂಟ್ ಹೋಗ್ತಿದೆಯಾ ಅಂತ ಅಷ್ಟೇ. ಮನೆ ಕೆಲಸದಾಕೆ ನಾಲ್ಕನೇ ದಿನವೇ ಫೋನ್ ಮಾಡಿ, "ಅಕ್ಕಾ, ನೀರಿನ ಬಣ್ಣ ಯಾಕೋ ತಿರುಗ್ತಿದೆ" ಅಂದಿದ್ಲಂತೆ. "ಆ್ಯಪಲ್ಲಿ ಎಲ್ಲ ಸರಿ ಇದೆ ಕಣೇ" ಅಂತ ಇವಳ ಉತ್ತರ. ಬರೋ ಹೊತ್ತಿಗೆ ಕೊಳ ಪಾಚಿಗಟ್ಟಿ ಹಸಿರು! ಕೊನೆಗೆ ಅಷ್ಟೂ ನೀರು ಚೆಲ್ಲಿ ತೊಳೆಸಿದ್ರು. ನೀರು ಉಳಿಸಕ್ಕೆ ಅಂತ ಹಾಕ್ಸಿದ ಯಂತ್ರದ ಮಾತು ನಂಬಿ ಇಪ್ಪತ್ತೆರಡು ಟ್ಯಾಂಕ್ ನೀರು ಮೋರಿಗೆ. ಕಣ್ಣಲ್ಲಿ ನೋಡಿ ಹೇಳಿದೋಳ ಮಾತಿಗೆ ಬೆಲೆ ಇಲ್ಲ, ಪೆಟ್ಟಿಗೆ ಮಾತಿಗೆ ಬೆಲೆ.

ನಾನು ಅಲ್ಲಿಗೆ ಹೋದಾಗ ಕೇಳಿದೆ, "ಮಕ್ಕಳು ನೀರಲ್ಲಿದ್ದಾಗ ಏನಾದ್ರೂ ಆದ್ರೆ ಪಂಪು ನಿಲ್ಲಿಸೋದು ಎಲ್ಲಿ?" ನಾದಿನಿಗೂ ಗೊತ್ತಿಲ್ಲ, ಕೆಲಸದಾಕೆಗೂ ಗೊತ್ತಿಲ್ಲ. ಪಂಪಿನ ಕೋಣೆಗೆ ಬೀಗ, ಆ್ಯಪು ಅಳಿಯನ ಫೋನಲ್ಲಿ. ಹೆದರಿಸಕ್ಕೆ ಹೇಳ್ತಿಲ್ಲ, ಆದ್ರೆ ಗೊತ್ತಿರ್ಲಿ. ಪಂಪು ನೀರನ್ನ ಕೆಳಗಿನ ಜಾಲರಿಯಿಂದ ಎಳೀತಾ ಇರುತ್ತಲ್ಲ, ಜಾಲರಿ ಸರಿ ಇಲ್ಲದಿದ್ರೆ ಮಗುವಿನ ಕೂದಲನ್ನೋ ಮೈಯನ್ನೋ ಹಿಡಿದುಬಿಡುತ್ತೆ. ಅಮೆರಿಕಾದಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಅನ್ನೋ ಏಳು ವರ್ಷದ ಹುಡುಗಿ ಹೀಗೇ ಬಿಸಿನೀರಿನ ತೊಟ್ಟಿಯೊಂದರ ತಳಕ್ಕೆ ಅಂಟಿಕೊಂಡು ತೀರಿಹೋದ್ಲು. ಹೆತ್ತ ತಾಯಿ ಪಕ್ಕದಲ್ಲೇ ಇದ್ದು ಎಳೆದ್ರೂ ಬಿಡಿಸಕ್ಕಾಗಲಿಲ್ಲ. ಆಕೆ ತಾತ ಅಲ್ಲಿ ದೊಡ್ಡ ಮಂತ್ರಿ ಆಗಿದ್ದವರು. ಮನೆಯವರು ಹೋರಾಡಿ 2007ರಲ್ಲಿ ಆ ಮಗುವಿನ ಹೆಸರಲ್ಲೇ ಜಾಲರಿಗಳ ಬಗ್ಗೆ ಕಾನೂನು ತಂದ್ರು. ತಾನೇ ಪಂಪು ನಿಲ್ಲಿಸೋ ಸಾಧನಗಳ ಮಾತೂ ಆ ಕಾನೂನಲ್ಲಿದೆ. ನೋಡಿ, ಯಂತ್ರ ಜೀವ ಉಳಿಸೋ ಜಾಗದಲ್ಲಿ ಉಳಿಸಲಿ, ನಾನು ಕೈ ಮುಗೀತೀನಿ. ಆದ್ರೆ ಪಕ್ಕದಲ್ಲಿ ನಿಂತಿರೋ ತಾಯಿಗೆ ಕೈಗೆಟುಕೋ ಸ್ವಿಚ್ಚೂ ಇಲ್ಲ ಅಂದ್ರೆ ಅದನ್ನ ಯಾವ ಬಾಯಲ್ಲಿ ಸ್ಮಾರ್ಟ್ ಅಂತೀರಿ?

ಇದಕ್ಕೆ ಉತ್ತರವಾಗಿ ಬರೋ ಮಾತುಗಳೂ ನಂಗೆ ಗೊತ್ತು. "ಅಮ್ಮ, ನಿಂಗೆ ಕಷ್ಟ ಆಗ್ಬಾರ್ದು ಅಂತ ತಾನೇ?" ಅಂತಾರೆ. ಕಷ್ಟ ಬೇರೆ, ಕೆಲಸ ಬೇರೆ ಕಣ್ರಪ್ಪಾ. ಸ್ವಿಚ್ ಒತ್ತೋದು ನಂಗೆ ಕಷ್ಟ ಅಂತ ಯಾರಿಗೆ ಹೇಳಿದ್ದೆ? "ನಿಂಗೆ ಮರೆವು" ಅಂತಾರೆ. ಮರೆಯೋದು ನಾನೊಬ್ಬಳೇನಾ? ಸಂಪು ತೊಳೆಸೋ ತಿಂಗಳು ಇಂಥದ್ದು ಅಂತ ಆ ಸೆನ್ಸರಿಗೆ ನೆನಪಿತ್ತಾ? ಕಾರ್ಪೊರೇಷನ್ ನೀರು ಈ ವಾರ ತಡ ಆಗುತ್ತೆ, ಇರೋದನ್ನ ಹಿಡಿದು ಬಳಸಬೇಕು ಅಂತ ಬೀದಿ ಕೊನೇ ಮನೆಯೋರು ಹೇಳಿದ್ದು ಅದಕ್ಕೆ ಕೇಳಿಸ್ತಾ? ಮುಚ್ಚಳ ಸರಿಯಾಗಿ ಕೂತಿಲ್ಲ, ಸೊಳ್ಳೆ ಮೊಟ್ಟೆ ಇಡ್ತಿದೆ, ಡೆಂಗ್ಯೂ ಬರುತ್ತೆ ಅಂತ ಅದಕ್ಕೆ ಕಾಣುತ್ತಾ? ಅದಕ್ಕೆ ಒಂದೇ ಒಂದು ವಿಷಯ ಗೊತ್ತು, ನೀರು ಎಷ್ಟು ಮೇಲಿದೆ ಅಂತ. ಮುಚ್ಚಳದಡಿ ಹಬೆ ಕಟ್ಟಿದ್ರೆ, ಜೇಡ ಗೂಡು ಕಟ್ಟಿದ್ರೆ ಅದೂ ತಪ್ಪುತ್ತೆ.

ಮೂರನೇ ಮಾತು, "ನಿಮಗೆ ಇದೆಲ್ಲ ಅರ್ಥ ಆಗಲ್ಲ." ಇದಕ್ಕೆ ನಾನು ಬಗ್ಗೋದಿಲ್ಲ. ಸೌದೆ ಒಲೆ ಊದಿ, ಸೀಮೆಎಣ್ಣೆ ಸ್ಟವ್ವಿಗೆ ಪಿನ್ ಚುಚ್ಚಿ, ಗ್ಯಾಸು, ಕುಕ್ಕರು, ಮಿಕ್ಸಿ, ಇಂಡಕ್ಷನ್ ಸ್ಟವ್ ಎಲ್ಲ ಒಂದೊಂದಾಗಿ ಕಲಿತಿದ್ದು ನಾವೇ ತಾನೇ? ಕುಕ್ಕರಿನ ಸೇಫ್ಟಿ ವಾಲ್ವ್ ಯಾಕಿದೆ ಅಂತ ಗೊತ್ತಿರೋಳಿಗೆ ಮೋಟರಿನ ಕಟಾಫ್ ಯಾಕಿದೆ ಅಂತ ತಿಳಿಯಲ್ವಾ? ನಮ್ಮ ಮೈಸೂರಿನ ನೀರಿನ ಕಚೇರಿ ಹೆಸರೇನು, ವಾಣಿ ವಿಲಾಸ ನೀರು ಸರಬರಾಜು. ವಾಣಿ ವಿಲಾಸ ಸನ್ನಿಧಾನ ಅಂದ್ರೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಗಂಡನ್ನ ಕಳ್ಕೊಂಡು, ಮಗ ಇನ್ನೂ ಚಿಕ್ಕೋನಿದ್ದಾಗ, 1895ರಿಂದ 1902ರವರೆಗೆ ರೀಜೆಂಟ್ ಆಗಿ ಇಡೀ ಸಂಸ್ಥಾನ ನಡೆಸಿದ್ರು. ಆಮೇಲೆ ಆ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಿ ಎಂಥ ಹೆಸರು ತಗೊಂಡ್ರು ಅಂತ ಹೇಳ್ಬೇಕಾ? ಒಬ್ಬ ತಾಯಿ ಕೈಲಿ ಸಂಸ್ಥಾನ ಕೊಟ್ಟ ಊರಿದು. ನನ್ನ ಕೈಲಿ ಒಂದು ಮೋಟರ್ ಸ್ವಿಚ್ ಕೊಡಕ್ಕೆ ಯೋಚನೆನಾ?

ಹಾಗಂತ ಬರೀ ಮಕ್ಕಳನ್ನ ಬೈದ್ರೆ ಸಾಲದು, ನಮ್ಮನ್ನೂ ಬೈಕೋಬೇಕು. ಎಲೆಕ್ಟ್ರಿಷಿಯನ್ ಬಂದಾಗ ಕಾಫಿ ಕೊಟ್ಟು ಒಳಗೆ ಹೋಗ್ತೀವಿ. "ಅದೆಲ್ಲ ನಮ್ಮನೆಯೋರಿಗೆ ಗೊತ್ತು" ಅಂತೀವಿ. ಆಮೇಲೆ ನಮ್ಮನೆಯೋರು ವಾಕಿಂಗ್ ಹೋಗಿದ್ದಾಗ ಮೋಟರ್ ಗುರ್ ಅಂದ್ರೆ ದೇವರ ಮನೆ ಮುಂದೆ ನಿಲ್ತೀವಿ. ಸಂಪಿನ ದಿನ ಆದ್ಮೇಲೆ ನಾನು ಇದನ್ನ ಬಿಟ್ಟೆ. ಚೀಟಿ ದುಡ್ಡು ಬಂದಿತ್ತು, ನಮ್ಮ ಬೀದಿಗೆ ಹಳಬರಾದ ಇನ್ನೊಬ್ಬ ಎಲೆಕ್ಟ್ರಿಷಿಯನ್ನ ಕರೆಸಿದೆ, ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ. ಏನೇನು ಮಾಡ್ಸಿದೆ ಅಂತ ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬರುತ್ತೆ.

ಮೊದಲನೇದು, ಅಡುಗೆಮನೆ ಬಾಗಿಲ ಹತ್ರ ನನ್ನ ಸ್ವಿಚ್ಚು ವಾಪಸ್ ಬಂತು. ತಿರುಗಿಸೋ ಸ್ವಿಚ್ಚು, ಮೂರು ಮನೆ. ಒಂದು ಕಡೆ ಆಟೊ, ಇನ್ನೊಂದು ಕಡೆ ಕೈಯಿಂದ, ಮಧ್ಯೆ ಪೂರ್ತಿ ಬಂದ್. ಮಧ್ಯಕ್ಕೆ ತಿರುಗಿಸಿದ್ರೆ ಬೆಂಗಳೂರಿಂದ ಒತ್ತಿದ್ರೂ ಮೋಟರ್ ಓಡಬಾರ್ದು, ಕಂಡೀಷನ್ ಅಂತ ಹೇಳಿದ್ದೆ. ಪರೀಕ್ಷೆನೂ ಮಾಡಿದೆ, ಮಗನಿಗೇ ಫೋನ್ ಮಾಡಿ "ಈಗ ಒತ್ತಪ್ಪಾ" ಅಂದೆ. ಓಡಲಿಲ್ಲ.

ಎರಡನೇದು, ಸಂಪಿಗೂ ಒಂದು ಫ್ಲೋಟ್ ಹಾಕ್ಸಿದೆ. ಮೊದಲಿನೋರು ಮೇಲೆ ಮಾತ್ರ ಹಾಕಿದ್ರು. ಕೆಳಗೆ ನೀರಿಲ್ಲದಾಗ ಮೋಟರ್ ಓಡಿದ್ರೆ ಒಳಗಿನ ಸೀಲು ಸುಟ್ಟು ಹೋಗುತ್ತೆ, ಆಮೇಲೆ ವೈಂಡಿಂಗೂ ಹೋಗುತ್ತೆ. ಸಂಪಲ್ಲಿ ನೀರು ಕಮ್ಮಿ ಆದ್ರೆ ಫ್ಲೋಟ್ ಕೆಳಗೆ ಬಿದ್ದು ಮೋಟರ್ ಕಟ್ ಆಗುತ್ತೆ. ಇದಕ್ಕೆ ನೆಟ್ಟೂ ಬೇಡ, ಆ್ಯಪೂ ಬೇಡ. ನಮ್ಮ ಹಳೇ ಫ್ಲಶ್ ಟ್ಯಾಂಕಿನ ಬಾಲ್ ಹೇಗೆ ತೇಲುತ್ತೋ ಹಾಗೇ. ಇದಿದೆ ಅಂತ ಸಂಪಿಗೆ ಜನ ಇಳಿಸೋವಾಗ ಸುಮ್ಮನಿರ್ಬೇಡಿ, ಮೋಟರಿನ ಕರೆಂಟ್ ಪೂರ್ತಿ ತೆಗೆದೇ ಇಳಿಸಬೇಕು.

ಮೂರನೇದು, ಮೋಟರ್ ಶುರುವಾಗೋ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತಂತೆ. ಟೇಬಲ್ ಲ್ಯಾಂಪಿಗೆ ಹಾಕೋ ಥರದ ಸ್ಮಾರ್ಟ್ ಪ್ಲಗ್ಗು ಅದನ್ನ ತಡ್ಕೊಳ್ಳಲ್ಲ, ಒಳಗೆ ಅಂಟಿಕೊಂಡುಬಿಟ್ರೆ ಆಫ್ ಅಂದ್ರೂ ಆಫ್ ಆಗಲ್ಲ. ಅದಕ್ಕೆ ಮಧ್ಯೆ ಕಂಟ್ಯಾಕ್ಟರ್ ಅನ್ನೋದು ಬೇಕು. ಕೇಳಿ ಹಾಕಿಸ್ಕೊಳ್ಳಿ.

ನಾಲ್ಕನೇದು ಎಲ್ಲಕ್ಕಿಂತ ಮುಖ್ಯ. ಅರ್ಥಿಂಗ್ ಪರೀಕ್ಷೆ ಮಾಡ್ಸಿ, 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಎಲ್ಲಾದ್ರೂ ನೀರಿಗೋ ಮನುಷ್ಯನ ಮೈಗೋ ಸೋರಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕಟ್ ಮಾಡುತ್ತೆ. ಇದು ಯಂತ್ರವೇ, ಇದನ್ನ ನಾನು ಮನಸಾರೆ ನಂಬ್ತೀನಿ. ಯಾಕಂದ್ರೆ ಇದು ನನ್ನ ಮನೇಲೇ ಇದೆ, ಯಾರ ಅಪ್ಪಣೆಗೂ ಕಾಯಲ್ಲ.

ಕೊನೇದು, ಪ್ರತಿ ಸ್ವಿಚ್ಚಿನ ಕೆಳಗೂ ಕನ್ನಡದಲ್ಲಿ ಬರೆದು ಅಂಟಿಸಿದ್ದೀನಿ. ಕೆಲಸಕ್ಕೆ ಬರೋ ಲಕ್ಷಣವಾದ ಹೆಣ್ಣುಮಗಳಿಗೂ ಒಂದು ಸಲ ಮಾಡಿ ತೋರಿಸಿದ್ದೀನಿ. ಮನೇಲಿ ಆ ಹೊತ್ತಿಗೆ ಯಾರಿರ್ತಾರೋ ಅವರೇ ನಿಲ್ಲಿಸಬೇಕು ತಾನೇ?

ಮಗನಿಗೆ ಮೊದಲು ಬೇಜಾರಾಯ್ತು, "ನಾನು ಮಾಡಿದ್ದನ್ನ ಕಿತ್ತಾಕಿದ್ರಾ" ಅಂದ. ಕಿತ್ತಿಲ್ಲ ಕಣೋ, ನಿನ್ನ ಸೆನ್ಸರ್ ಮೇಲೇ ಇದೆ, ಟ್ಯಾಂಕ್ ತುಂಬಿದ್ರೆ ಈಗಲೂ ಅದೇ ನಿಲ್ಲಿಸೋದು, ನೀರು ರಸ್ತೆಗೆ ಹೋಗಿಲ್ಲ ಅಂದೆ. ಹೋದ ತಿಂಗಳು ಬಂದಾಗ ನನ್ನ ಫೋನಿಗೂ ಆ್ಯಪ್ ಹಾಕಿಕೊಟ್ಟ. ಅವನಿಗೆ ಹೋಗ್ತಿದ್ದ ನೋಟಿಫಿಕೇಷನ್ ನಾನೇ ನಿಲ್ಲಿಸಿದೆ, ಹೇಗೆ ಅಂತ ಅವನೇ ತೋರಿಸಿದ. ಈಗ ಮಧ್ಯಾಹ್ನ ಫೋನ್ ಬಂದ್ರೆ "ಊಟ ಆಯ್ತಾ ಅಮ್ಮ" ಅಂತ ಬರುತ್ತೆ. ಅಷ್ಟು ಸಾಕು ನಂಗೆ.

ನಿಮ್ಮನ್ನ ಕೇಳ್ಕೊಳ್ಳೋದು ಒಂದೇ. ಇವತ್ತು ಸಂಜೆ ದೀಪ ಹಚ್ಚೋಕೆ ಮುಂಚೆ ನಿಮ್ಮ ಮೋಟರ್ ಹತ್ರ ಹೋಗಿ ನಿಂತ್ಕೊಳ್ಳಿ. ಅದು ಓಡ್ತಿರೋವಾಗ, ಯಾರಿಗೂ ಫೋನ್ ಮಾಡದೆ, ನೀವೇ ನಿಲ್ಲಿಸಿ ನೋಡಿ. ಆದ್ರೆ ಸಂತೋಷ. ಆಗಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆನೇ ಎಲೆಕ್ಟ್ರಿಷಿಯನ್ನ ಕರೆಸಿ, ಪಕ್ಕದಲ್ಲೊಂದು ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ. ಕಾಫಿ ಆಮೇಲೆ ಕೊಟ್ರಾಯ್ತು.